ಏರೋ ಇಂಡಿಯಾದಲ್ಲಿ ಯುದ್ಧ ವಿಮಾನದ ಫೋಟೊ ತೆಗೆಯುವುದು, ಪ್ರಕಟಿಸುವುದು ಹೇಗೆ?

ಬೆಂಗಳೂರಿನ ಯಲಹಂಕದಲ್ಲಿ ನಡೆಯುವ ವೈಮಾನಿಕ ಪ್ರದರ್ಶನ ಏರೋ ಇಂಡಿಯಾ ಹತ್ತಿರ ಬಂದಾಗಲೆಲ್ಲ ಓದುಗರು ಕೇಳುವುದು ಒಂದೇ ಪ್ರಶ್ನೆ: "ಯಾವ ಲೆನ್ಸ್ ತಗೊಳ್ಳಲಿ?" ಪ್ರದರ್ಶನ ಮುಗಿದ ಮೇಲೆ ಇನ್ನೊಂದು: "ಎರಡು ಸಾವಿರ ಫೋಟೊ ತೆಗೆದಿದ್ದೇನೆ, ಯಾರಿಗೆ ಕಳಿಸಲಿ?" ಎರಡಕ್ಕೂ ಒಟ್ಟಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳುತ್ತೇನೆ. ನಾನು ನೋಡಿದ ಮಟ್ಟಿಗೆ, ಚೆನ್ನಾಗಿ ಬಂದ ಫೋಟೊಗಳು ಕೂಡ ಪ್ರಕಟವಾಗದೆ ಉಳಿಯುವುದಕ್ಕೆ ಲೆನ್ಸ್ ಕಾರಣ ಆಗಿರುವುದು ಕಮ್ಮಿ. ವಿಮಾನದ ಹೆಸರು ತಪ್ಪಿರುತ್ತದೆ. ದಿನಾಂಕ ಇರುವುದಿಲ್ಲ. ಎಲ್ಲಿ ನಿಂತು ತೆಗೆದದ್ದು ಅಂತ ಗೊತ್ತಾಗುವುದಿಲ್ಲ. ಸಂಪಾದಕರಿಗೆ ಬೇಕಾಗಿರುವುದು ನಂಬಿ ಅಚ್ಚು ಹಾಕಬಹುದಾದ ಫೋಟೊ. ಸೇನೆಯ ವಿಷಯ ಆದ್ದರಿಂದ ಆ ನಂಬಿಕೆಗೆ ಇಲ್ಲಿ ಬೆಲೆ ಇನ್ನೂ ಜಾಸ್ತಿ. ಅದಕ್ಕೇ ಲೆನ್ಸಿನ ಮಾತನ್ನು ಮೂರನೇ ಹಂತಕ್ಕೆ ಇಟ್ಟಿದ್ದೇನೆ. ದಯವಿಟ್ಟು ಮೊದಲ ಹಂತ ಬಿಟ್ಟು ಮುಂದೆ ಹೋಗಬೇಡಿ.

1. ಎಲ್ಲಿ ತೆಗೆಯಬಹುದು, ಎಲ್ಲಿ ಕ್ಯಾಮೆರಾ ಎತ್ತಲೇ ಬಾರದು

ವಾಯುನೆಲೆಯ ಗೋಡೆಯಾಚೆ ನಿಂತು, ಬೇಲಿಯ ಸಂದಿಯಿಂದ, ಪಕ್ಕದ ಕಟ್ಟಡದ ತಾರಸಿಯಿಂದ ಒಳಗಿನ ವಿಮಾನಗಳ ಫೋಟೊ ತೆಗೆಯಬೇಡಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ವಾಯುನೆಲೆಗಳು ಅದರ ಪ್ರಕಾರ 'ನಿಷೇಧಿತ ಸ್ಥಳ'. ದೇಶದ ಸುರಕ್ಷತೆಗೆ ಧಕ್ಕೆ ತರುವ ಉದ್ದೇಶದಿಂದ ಅಂಥ ಜಾಗದ ಸುತ್ತ ಸುಳಿದಾಡಿದರೆ, ಶತ್ರುವಿಗೆ ಉಪಯೋಗ ಆಗುವಂಥ ಚಿತ್ರ ಮಾಡಿದರೆ ಅಪರಾಧ. ರಕ್ಷಣಾ ನೆಲೆಗಳ ವಿಷಯದಲ್ಲಿ 14 ವರ್ಷದವರೆಗೆ ಶಿಕ್ಷೆ ಇದೆ. ನಿಮ್ಮ ಉದ್ದೇಶ ಬರೀ ಹವ್ಯಾಸ ಇರಬಹುದು. ಆದರೆ ಉದ್ದ ಲೆನ್ಸ್ ಹಿಡಿದು ಬೇಲಿ ಪಕ್ಕ ನಿಂತವರನ್ನು ಕಾವಲಿನವರು ವಿಚಾರಿಸಲೇಬೇಕು. ಅದು ಅವರ ಕೆಲಸ.

ಬೆಂಗಳೂರಿನವರಿಗೆ ಇನ್ನೊಂದು ಎಚ್ಚರಿಕೆ. ಹಳೆ ವಿಮಾನ ನಿಲ್ದಾಣ ರಸ್ತೆ, ಮಾರತಹಳ್ಳಿ ಕಡೆ ಓಡಾಡುವವರಿಗೆ ವಿಮಾನ ತಯಾರಿಸುವ ಸರ್ಕಾರಿ ಸಂಸ್ಥೆ ಎಚ್‌ಎಎಲ್‌ನ ರನ್‌ವೇಯಿಂದ ಏಳುವ ತೇಜಸ್ ಯುದ್ಧ ವಿಮಾನ, ಧ್ರುವ್ ಹೆಲಿಕಾಪ್ಟರ್ ಕಾಣಿಸುತ್ತವೆ. ದಿನಾ ಕಾಣುತ್ತದೆ ಅಂದ ಮಾತ್ರಕ್ಕೆ ಅದು ಸಾರ್ವಜನಿಕ ಪ್ರದರ್ಶನ ಆಗುವುದಿಲ್ಲ. ಅಲ್ಲಿ ನಡೆಯುವುದು ಪರೀಕ್ಷಾ ಹಾರಾಟ. ಕಣ್ಣಲ್ಲಿ ನೋಡಿ ಖುಷಿಪಡಿ, ಕ್ಯಾಮೆರಾ ಚೀಲದಲ್ಲೇ ಇರಲಿ.

ಪ್ರಯಾಣಿಕರ ವಿಮಾನದ ಕಿಟಕಿಯಿಂದ ತೆಗೆಯುವವರೂ ಇದ್ದಾರೆ. ಬೀದರ್, ಪುಣೆ, ಗೋವಾದ ದಾಬೋಳಿಯಂಥ ಕಡೆ ರನ್‌ವೇ ಸೇನೆಯದು, ಪ್ರಯಾಣಿಕರ ವಿಮಾನಗಳಿಗೂ ಅಲ್ಲಿ ಅವಕಾಶ ಕೊಟ್ಟಿದ್ದಾರೆ. ಇಂಥ ನಿಲ್ದಾಣಗಳಲ್ಲಿ ಇಳಿಯುವಾಗ, ಏರುವಾಗ ಫೋಟೊ ತೆಗೆಯಬಾರದು ಅಂತ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2025ರ ಮೇ ತಿಂಗಳಲ್ಲಿ ಮತ್ತೆ ಕಟ್ಟುನಿಟ್ಟಾಗಿ ಹೇಳಿದೆ.

ಹಾಗಾದರೆ ಎಲ್ಲಿ ತೆಗೆಯಬಹುದು? ಜಾಗ ಸಾಕಷ್ಟಿದೆ.

ಎಲ್ಲಕ್ಕಿಂತ ದೊಡ್ಡದು ಏರೋ ಇಂಡಿಯಾ. 1996ರಿಂದ ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ. ಈಚಿನ ವರ್ಷಗಳಲ್ಲಿ ಬೆಸ ಸಂಖ್ಯೆಯ ವರ್ಷದ ಫೆಬ್ರವರಿಯಲ್ಲಿ. 2025ರ ಫೆಬ್ರವರಿ 10ರಿಂದ 14ರವರೆಗೆ ನಡೆದದ್ದು 15ನೇ ಆವೃತ್ತಿ. ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಅಲ್ಲಿಗೆ ಬಂದಿದ್ದವು.

ಅಕ್ಟೋಬರ್ 8ರ ವಾಯುಪಡೆ ದಿನದ ಹಾರಾಟ ಈಗ ಬೇರೆ ಬೇರೆ ಊರುಗಳಲ್ಲಿ ನಡೆಯುತ್ತಿದೆ. 2022ರಲ್ಲಿ ಚಂಡೀಗಢದ ಸುಖ್ನಾ ಕೆರೆ, 2023ರಲ್ಲಿ ಪ್ರಯಾಗ್‌ರಾಜ್, 2024ರಲ್ಲಿ ಚೆನ್ನೈನ ಮರೀನಾ. ಮೈಸೂರಿನವರಿಗೆ ದಸರಾ ಇದೆ. 2023ರಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ಮೈದಾನದ ಮೇಲೆ ವಾಯುಪಡೆ ಪ್ರದರ್ಶನ ಕೊಟ್ಟಿತ್ತು.

ಹಾರದ ವಿಮಾನವೂ ಕಲಿಯುವವರಿಗೆ ಒಳ್ಳೆಯದು. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್, ಕಿರಣ್, ಅಜೀತ್‌ನಂಥ ಹಳೆಯ ವಿಮಾನಗಳೆಲ್ಲ ನಿಂತಿವೆ. ಗೋವಾದ ಬೊಗ್ಮಾಲೊದಲ್ಲಿ ನೌಕಾಪಡೆಯ ವಿಮಾನಗಳ ಸಂಗ್ರಹಾಲಯ ಇದೆ. ಕ್ಯಾಮೆರಾ ಒಯ್ಯುವ ನಿಯಮವನ್ನು ಟಿಕೆಟ್ ಕೌಂಟರಿನಲ್ಲೇ ಕೇಳಿಕೊಳ್ಳಿ.

ಡ್ರೋನ್ ವಿಷಯ ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: ತರಬೇಡಿ, ಹಾರಿಸಬೇಡಿ, ಹೊರಗಿನಿಂದಲೂ ಬೇಡ.

2. ಟಿಕೆಟ್ ಮತ್ತು ಬೆಳಕು

ಏರೋ ಇಂಡಿಯಾದ ಟಿಕೆಟ್ ಆನ್‌ಲೈನ್‌ನಲ್ಲಿ, ಅಧಿಕೃತ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮೊದಲ ದಿನಗಳು ವ್ಯಾಪಾರಕ್ಕೆ ಬಂದವರಿಗೆ, ಕೊನೆಯ ದಿನಗಳು ಜನರಿಗೆ. ಸಾಮಾನ್ಯ ಟಿಕೆಟ್ ತಗೊಂಡರೆ ಮಳಿಗೆಗಳ ಒಳಗೂ ಹೋಗಬಹುದು, ನಿಂತ ವಿಮಾನಗಳನ್ನು ಹತ್ತಿರದಿಂದ ನೋಡಬಹುದು. 'ಅಡ್ವಾ' ಅಂತ ಇನ್ನೊಂದು ಟಿಕೆಟ್ ಇದೆ. ವೈಮಾನಿಕ ಪ್ರದರ್ಶನ ನೋಡುವ ಬಯಲಿನ ಇಂಗ್ಲಿಷ್ ಹೆಸರನ್ನು ಚಿಕ್ಕದು ಮಾಡಿ ಹಾಗೆ ಕರೆಯುತ್ತಾರೆ. ಬರೀ ಹಾರಾಟದ ಫೋಟೊ ಬೇಕು ಅಂದರೆ ಅಡ್ವಾ ಸಾಕು, ದುಡ್ಡೂ ಕಮ್ಮಿ. ಆದರೆ ಪ್ರಕಟಿಸುವ ಆಸೆ ಇದ್ದವರು ಒಂದು ದಿನವಾದರೂ ಸಾಮಾನ್ಯ ಟಿಕೆಟ್ ತಗೊಳ್ಳಿ. ನಿಂತ ವಿಮಾನದ ಪಕ್ಕದ ಫಲಕ, ಬಾಲದ ಮೇಲಿನ ಸಂಖ್ಯೆ, ರೆಕ್ಕೆಯ ಕೆಳಗೆ ತೂಗಿದ ಕ್ಷಿಪಣಿ, ಇವೆಲ್ಲ ಮುಂದೆ ಅಡಿಬರಹ ಬರೆಯುವಾಗ ಕೈ ಹಿಡಿಯುತ್ತವೆ.

ಮಾಧ್ಯಮದವರಿಗೆ ಬೇರೆ ನೋಂದಣಿ ಇರುತ್ತದೆ, ತಿಂಗಳುಗಳ ಮೊದಲೇ. ನೀವು ಯಾವುದಾದರೂ ಪತ್ರಿಕೆಗೆ ಬರೆಯುವವರಾದರೆ ಸಂಪಾದಕರನ್ನು ಕೇಳಿ ನೋಡಿ. ಸಿಗದಿದ್ದರೆ ಬೇಜಾರು ಬೇಡ. ಆಕಾಶದಲ್ಲಿರುವ ವಿಮಾನ ಮಾಧ್ಯಮದವರಿಗೂ ಅಡ್ವಾದವರಿಗೂ ಹೆಚ್ಚುಕಮ್ಮಿ ಒಂದೇ ತರ ಕಾಣುತ್ತದೆ.

ಈಗ ಬೆಳಕು. ಹಾರಾಟ ಸಾಮಾನ್ಯವಾಗಿ ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನದ ಮೇಲೆ ಇನ್ನೊಂದು ಸುತ್ತು. ಯಲಹಂಕದ ರನ್‌ವೇ ಪೂರ್ವ–ಪಶ್ಚಿಮವಾಗಿದೆ. ಫೆಬ್ರವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ದಾಟುತ್ತಾನೆ. ಹಾಗಾಗಿ ದಕ್ಷಿಣದ ಆಕಾಶಕ್ಕೆ ಮುಖ ಮಾಡಿದರೆ ವಿಮಾನದ ನೆರಳಿನ ಮಗ್ಗುಲು ನಿಮಗೆ ಕಾಣುತ್ತದೆ, ಕಪ್ಪಗೆ ಬರುತ್ತದೆ. ಬೆಳಿಗ್ಗೆ ಪೂರ್ವದಿಂದ ನಿಮ್ಮನ್ನು ದಾಟಿ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಬಾಲದ ಕಡೆ ಬೆಳಕು. ಮಧ್ಯಾಹ್ನ ಇದು ತಿರುಗುಮುರುಗು. ಬಂದ ಕೂಡಲೇ ಸೂರ್ಯ ಎಲ್ಲಿದ್ದಾನೆ, ಇನ್ನೆರಡು ಗಂಟೆಗೆ ಎಲ್ಲಿರುತ್ತಾನೆ ಅಂತ ನೋಡಿ ಜಾಗ ಹಿಡಿಯಿರಿ. ಮೊದಲ ಸಾಲು ಸಿಕ್ಕಿತು ಅಂತ ಸುಮ್ನೆ ಅಲ್ಲೇ ನಿಂತುಬಿಟ್ಟರೆ ಇಡೀ ದಿನ ಕಪ್ಪು ಬೊಂಬೆಗಳ ಫೋಟೊ ಬರುತ್ತದೆ.

ಇನ್ನೊಂದು ಶತ್ರು ಬಿಸಿಗಾಳಿ. ಹತ್ತು ಗಂಟೆ ದಾಟಿದ ಮೇಲೆ ರನ್‌ವೇ ಕಾದು ಅದರ ಮೇಲಿನ ಗಾಳಿ ನೀರಿನ ತರ ನಡುಗುತ್ತದೆ. ದೂರದಲ್ಲಿ ಓಡುವ ವಿಮಾನ ಎಷ್ಟು ದುಬಾರಿ ಲೆನ್ಸಿನಲ್ಲೂ ಕಲಸಿಹೋಗುತ್ತದೆ. ಇದಕ್ಕೆ ಮದ್ದಿಲ್ಲ. ನೆಲದ ಮೇಲಿನ ಫೋಟೊ ಬೆಳಿಗ್ಗೆ ಬೇಗ ತೆಗೆಯಿರಿ, ಬಿಸಿಲೇರಿದ ಮೇಲೆ ಆಕಾಶ ನೋಡಿ.

3. ಕ್ಯಾಮೆರಾ, ಲೆನ್ಸ್

ಒಂದು ಲೆಕ್ಕ ಹಾಕೋಣ. ರಫೇಲ್ ಉದ್ದ ಸುಮಾರು 15 ಮೀಟರ್. ತೇಜಸ್ 13, ಸುಖೋಯ್-30 ಸುಮಾರು 22. ನಮ್ಮಲ್ಲಿ ಜಾಸ್ತಿ ಜನರ ಹತ್ತಿರ ಇರುವುದು ಎಪಿಎಸ್-ಸಿ ಕ್ಯಾಮೆರಾ, ಅಂದರೆ ಒಳಗಿನ ಸೆನ್ಸರ್ ಸುಮಾರು 23 ಮಿಲಿಮೀಟರ್ ಅಗಲ. ಅದಕ್ಕೆ 400 ಎಂಎಂ ಲೆನ್ಸ್ (ಈ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಹಾಕಿದರೆ 300 ಮೀಟರ್ ದೂರದಲ್ಲಿ ಸುಮಾರು 17 ಮೀಟರ್ ಅಗಲದ ಜಾಗ ಫ್ರೇಮಿನಲ್ಲಿ ಕೂರುತ್ತದೆ. ರಫೇಲ್ ಪೂರ್ತಿ ತುಂಬಿತು. ಅದೇ ವಿಮಾನ 600 ಮೀಟರ್ ದೂರದಲ್ಲಿದ್ದರೆ ಫ್ರೇಮಿನ ಅರ್ಧಕ್ಕೂ ಕಮ್ಮಿ. 200 ಎಂಎಂ ಲೆನ್ಸಿಗೆ ಅದು ಕಾಲು ಭಾಗ.

ಹಾಗಾಗಿ 100-400 ಅಥವಾ 150-600 ಜೂಮ್ ಇದ್ದರೆ ಒಳ್ಳೆಯದು. ಕೊಳ್ಳಲೇಬೇಕು ಅಂತಿಲ್ಲ. ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ. ಪ್ರದರ್ಶನದ ವಾರ ಎಲ್ಲ ಖಾಲಿ ಆಗಿರುತ್ತದೆ, ಒಂದು ತಿಂಗಳ ಮೊದಲೇ ಹೇಳಿಡಿ. ನಿಮ್ಮ ಹತ್ತಿರ 70-300 ಮಾತ್ರ ಇದೆಯಾ? ಅದರಲ್ಲೇ ಹೋಗಿ. ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣ್‌ನ ಒಂಬತ್ತು ಹಾಕ್ ವಿಮಾನಗಳು ಒಟ್ಟಿಗೆ ಬರುವಾಗ 600 ಎಂಎಂ ಇಟ್ಟುಕೊಂಡವರಿಗೆ ನಾಲ್ಕೇ ಸಿಗುತ್ತವೆ, ನಿಮಗೆ ಹೊಗೆಯ ಗೆರೆ ಸಮೇತ ಪೂರ್ತಿ ಸಿಗುತ್ತದೆ. ಮೊಬೈಲ್ ಫೋನನ್ನು ನಿಂತ ವಿಮಾನಗಳಿಗೆ, ಜನರ ಮುಖಗಳಿಗೆ ಬಳಸಿ.

ಜೊತೆಗೆ ಎರಡು ಮೆಮೊರಿ ಕಾರ್ಡ್, ಎರಡು ಬ್ಯಾಟರಿ, ಲೆನ್ಸ್ ಒರೆಸುವ ಬಟ್ಟೆ. ಟ್ರೈಪಾಡ್ ಬೇಡ. ಜನಜಂಗುಳಿಯಲ್ಲಿ ಅದರ ಕಾಲು ಎಲ್ಲರಿಗೂ ತೊಡರುತ್ತದೆ, ಮೇಲೆ ಕೆಳಗೆ ತಿರುಗುವ ಜೆಟ್ಟಿಗೆ ಅದು ಆಗುವುದೂ ಇಲ್ಲ.

4. ಹದ್ದುಗಳ ಮೇಲೆ ಅಭ್ಯಾಸ ಮಾಡಿ

ಜೆಟ್ಟನ್ನು ಮೊದಲ ಸಲ ನೋಡುವ ದಿನವೇ ಅದರ ಫೋಟೊ ಕಲಿಯಲು ಆಗುವುದಿಲ್ಲ. ಹದಿನೈದು ದಿನ ಮೊದಲು ನಿಮ್ಮ ಮನೆ ತಾರಸಿಯಿಂದ ಹದ್ದುಗಳನ್ನು ಹಿಂಬಾಲಿಸಿ. ಹದ್ದು ಇದ್ದಕ್ಕಿದ್ದಂತೆ ತಿರುಗುತ್ತದೆ, ಕಟ್ಟಡದ ಮರೆಗೆ ಹೋಗುತ್ತದೆ, ಬಿಳಿ ಆಕಾಶದ ಮುಂದೆ ಕಪ್ಪಗೆ ಕಾಣುತ್ತದೆ. ಫೋಕಸ್ ಹಿಡಿಯುವ ಎಲ್ಲ ಕಷ್ಟವೂ ಅಲ್ಲೇ ಇದೆ. ಬರಿಗಣ್ಣಿಗೆ ಕಂಡ ಹಕ್ಕಿಯನ್ನು ಕ್ಯಾಮೆರಾದ ಕಿಂಡಿಯಲ್ಲಿ ಎರಡು ಸೆಕೆಂಡಿನೊಳಗೆ ಹಿಡಿಯಲು ಬಂದರೆ ನೀವು ತಯಾರು.

ಹದ್ದಿನ ಮಾತು ಬಂತು, ಇದನ್ನೂ ಹೇಳುತ್ತೇನೆ. 2025ರ ಪ್ರದರ್ಶನದ ಸಮಯಕ್ಕೆ ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರಿನಲ್ಲಿ ಮಾಂಸ ಮಾರಾಟ ನಿಲ್ಲಿಸಿದ್ದರು. ತ್ಯಾಜ್ಯಕ್ಕೆ ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದು ಅಂತ. ನೀವು ತಿಂದು ಉಳಿದ ಊಟವನ್ನು ಬಯಲಲ್ಲಿ ಎಸೆದರೆ ಅದೇ ಅಪಾಯ. ಕವರಿನಲ್ಲಿ ಕಟ್ಟಿ ವಾಪಸ್ ತನ್ನಿ.

5. ಸೆಟ್ಟಿಂಗ್: ಜೆಟ್ ಬೇರೆ, ಪ್ರೊಪೆಲ್ಲರ್ ಬೇರೆ

ಅತಿ ಜಾಸ್ತಿ ತಪ್ಪು ಇಲ್ಲೇ ಆಗುವುದು. ಹಾಗಾಗಿ ನಿಧಾನವಾಗಿ ಓದಿ.

ಶಟರ್ ವೇಗ ಅಂದರೆ ಸೆನ್ಸರ್ ಎಷ್ಟು ಹೊತ್ತು ಬೆಳಕು ನೋಡುತ್ತದೆ ಅನ್ನುವ ಲೆಕ್ಕ. ಜೆಟ್ಟಿಗೆ 1/1000ರಿಂದ 1/2000 ಸೆಕೆಂಡ್ ಇಡಿ. ಜೆಟ್ಟಿನಲ್ಲಿ ಹೊರಗೆ ತಿರುಗುವ ಭಾಗ ಇಲ್ಲ, ಸ್ತಬ್ಧವಾಗಿ ಬಂದರೂ ಚೆನ್ನಾಗಿಯೇ ಕಾಣುತ್ತದೆ.

ಪ್ರೊಪೆಲ್ಲರ್ ವಿಮಾನಕ್ಕೆ ಅದೇ ವೇಗ ಇಟ್ಟರೆ ಅಲಗುಗಳು ಕಡ್ಡಿಯಂತೆ ನಿಂತುಬಿಡುತ್ತವೆ. ಎಂಜಿನ್ ಕೆಟ್ಟು ಬೀಳುತ್ತಿರುವ ವಿಮಾನದ ಹಾಗೆ ಕಾಣುತ್ತದೆ. ಲೆಕ್ಕ ಹೀಗಿದೆ. ನಿಮಿಷಕ್ಕೆ 2000 ಸುತ್ತು ತಿರುಗುವ, ನಾಲ್ಕು ಅಲಗಿನ ಪ್ರೊಪೆಲ್ಲರ್ ಅಂದುಕೊಳ್ಳಿ. 1/1000 ಸೆಕೆಂಡಿನಲ್ಲಿ ಅದು 12 ಡಿಗ್ರಿ ಮಾತ್ರ ತಿರುಗುತ್ತದೆ. 1/125ರಲ್ಲಿ 96 ಡಿಗ್ರಿ. ಅಂದರೆ ಒಂದು ಅಲಗು ಮುಂದಿನ ಅಲಗಿನ ಜಾಗ ಮುಟ್ಟುತ್ತದೆ, ಪೂರ್ತಿ ಚಕ್ರ ಮೂಡುತ್ತದೆ. ಹಾಗಾಗಿ ಎಚ್‌ಟಿಟಿ-40ರಂಥ ವಿಮಾನಕ್ಕೆ 1/125ರಿಂದ 1/250.

ಹೆಲಿಕಾಪ್ಟರ್ ಇನ್ನೂ ಕಷ್ಟ. ಅದರ ದೊಡ್ಡ ರೆಕ್ಕೆ ನಿಮಿಷಕ್ಕೆ ಸುಮಾರು 300 ಸುತ್ತು ಅಷ್ಟೆ. 1/60ರಿಂದ 1/125ಕ್ಕೆ ಇಳಿಯಬೇಕು. ಇಷ್ಟು ನಿಧಾನ ಶಟರಿನಲ್ಲಿ ಕೈ ನಡುಗಿದರೆ ಎಲ್ಲವೂ ಕಲಸಿಹೋಗುತ್ತದೆ. ಅದಕ್ಕೆ ಪ್ಯಾನಿಂಗ್ ಕಲಿಯಬೇಕು. ವಿಮಾನ ಹೋಗುವ ವೇಗಕ್ಕೇ ಸೊಂಟದಿಂದ ಮೇಲೆ ನೀವೂ ತಿರುಗುತ್ತಾ, ನಿಲ್ಲಿಸದೆ ಕ್ಲಿಕ್ ಮಾಡುತ್ತಾ ಹೋಗುವುದೇ ಪ್ಯಾನಿಂಗ್. ಕಾಲು ವಿಮಾನ ಹೋಗಿ ಮುಗಿಯುವ ದಿಕ್ಕಿಗೆ, ಮೈ ಅದು ಬರುವ ದಿಕ್ಕಿಗೆ. ಕ್ಲಿಕ್ ಮುಗಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. 1/60ರಲ್ಲಿ ಮೂವತ್ತು ತೆಗೆದರೆ ಒಂದೋ ಎರಡೋ ಚೆನ್ನಾಗಿ ಬರುತ್ತದೆ. ಅದು ಎಲ್ಲರಿಗೂ ಹಾಗೆಯೇ.

ಮಿಕ್ಕ ಸೆಟ್ಟಿಂಗ್ ಬೇಗ ಹೇಳುತ್ತೇನೆ. ಫೋಕಸ್ ನಿರಂತರ ಹಿಂಬಾಲಿಸುವ ಬಗೆಯಲ್ಲಿರಲಿ. ಕ್ಯಾನನ್‌ನಲ್ಲಿ ಅದನ್ನು ಸರ್ವೋ ಅನ್ನುತ್ತಾರೆ, ನಿಕಾನ್, ಸೋನಿಯಲ್ಲಿ ಎಎಫ್-ಸಿ. ಅಪರ್ಚರ್, ಅಂದರೆ ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಅಳತೆ, ಎಫ್/7.1 ಅಥವಾ ಎಫ್/8. ಶಟರ್ ವೇಗವನ್ನು ನೀವು ಹಿಡಿದುಕೊಂಡು ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆಯನ್ನು, ಕ್ಯಾಮೆರಾಗೆ ಬಿಡಬಹುದು. ಫೈಲ್ ರಾ ಬಗೆಯಲ್ಲಿರಲಿ. ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲ್ ಅದು, ಆಮೇಲೆ ತಿದ್ದಲು ಜಾಗ ಇರುತ್ತದೆ.

ಆಕಾಶ ಕ್ಯಾಮೆರಾವನ್ನು ಮೋಸ ಮಾಡುತ್ತದೆ. ಫ್ರೇಮಿನ ತುಂಬ ಬೆಳ್ಳಗಿನ ಆಕಾಶ ನೋಡಿ ಬೆಳಕು ಜಾಸ್ತಿ ಆಯಿತು ಅಂತ ಅದು ಕಮ್ಮಿ ಮಾಡುತ್ತದೆ, ವಿಮಾನ ಕಪ್ಪಾಗುತ್ತದೆ. ಮೋಡ ಇದ್ದಾಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನುವ ಗುಂಡಿಯಲ್ಲಿ ಒಂದು ಸ್ಟಾಪ್‌ನಷ್ಟು, ಅಂದರೆ ಬೆಳಕು ಎರಡರಷ್ಟು ಆಗುವ ಹಾಗೆ, ಏರಿಸಿ. ಕಡು ನೀಲಿ ಆಕಾಶಕ್ಕೆ ಅಷ್ಟು ಬೇಕಿಲ್ಲ. ಸೂರ್ಯಕಿರಣ್ ಬಿಳಿ ಹೊಗೆ ಬಿಡುವಾಗ ಮಾತ್ರ ಮತ್ತೆ ಕೆಳಗಿಳಿಸಿ, ಇಲ್ಲದಿದ್ದರೆ ಹೊಗೆ ಬರೀ ಬಿಳಿ ಕಾಗದದ ತರ ಆಗುತ್ತದೆ.

ಮಿರರ್‌ಲೆಸ್ ಕ್ಯಾಮೆರಾ ಇದ್ದವರು ಪ್ರೊಪೆಲ್ಲರ್, ಹೆಲಿಕಾಪ್ಟರ್ ಬಂದಾಗ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಹಾಕಿ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಓದಿ ಮುಗಿಸುವಷ್ಟರಲ್ಲಿ ಅಲಗು ತಿರುಗಿ ಬಾಳೆಹಣ್ಣಿನಂತೆ ಬಗ್ಗಿ ಬರುತ್ತದೆ.

6. ಪ್ರದರ್ಶನದ ದಿನ

ಬೆಳಿಗ್ಗೆ ಬೇಗ ಹೊರಡಿ. ಬಳ್ಳಾರಿ ರಸ್ತೆ ಆ ವಾರ ತುಂಬಿ ತುಳುಕುತ್ತದೆ. ಟಿಕೆಟ್ ಜೊತೆ ಬರುವ ಪಾರ್ಕಿಂಗ್ ಸೂಚನೆ ಓದಿ, ಪೊಲೀಸರು ಹೇಳಿದ ಜಾಗದಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗುವುದು ಸುಲಭ. ಕ್ಯಾಮೆರಾ ಸಾಮಾನು, ಹಾರ್ಡ್ ಡಿಸ್ಕ್ ಕಾರಿನಲ್ಲಿ ಬಿಡಬೇಡಿ. 2019ರ ಫೆಬ್ರವರಿ 23ರಂದು ಪಾರ್ಕಿಂಗ್ ಬಯಲಿಗೆ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟುಹೋದವು. ಟೋಪಿ, ನೀರು ಮರೆಯಬೇಡಿ. ಅಡ್ವಾದಲ್ಲಿ ನೆರಳು ಅಂತ ನಂಬಿಕೊಂಡು ಹೋಗುವ ಹಾಗಿಲ್ಲ.

ಬಯಲಲ್ಲಿ ಲೆನ್ಸ್ ಬದಲಿಸಬೇಡಿ. ಒಣ ಹುಲ್ಲಿನ ದೂಳು ಸೆನ್ಸರಿಗೆ ಅಂಟಿದರೆ ನೀಲಿ ಆಕಾಶದ ಪ್ರತಿ ಫೋಟೊದಲ್ಲೂ ಚುಕ್ಕೆ ಕಾಣುತ್ತದೆ. ನನ್ನ ಮೊದಲ ಪ್ರದರ್ಶನದ ಫೋಟೊಗಳಲ್ಲಿ ಅರ್ಧಕ್ಕರ್ಧ ಹೀಗೇ ಹಾಳಾದವು.

ಕಿವಿಗೊಡಿ. ಧ್ವನಿವರ್ಧಕದಲ್ಲಿ ಯಾವ ವಿಮಾನ, ಯಾವ ಕಸರತ್ತು ಅಂತ ಹೇಳುತ್ತಾ ಇರುತ್ತಾರೆ. ಎರಡು ವಿಮಾನ ಎದುರುಬದುರು ಬಂದು ಹಾದುಹೋಗುವ ಕಸರತ್ತಿಗೆ ಎರಡನ್ನೂ ಹಿಂಬಾಲಿಸಲು ಹೋಗಬೇಡಿ. ಒಂದನ್ನು ಮಾತ್ರ ಹಿಡಿದು ತಿರುಗುತ್ತಾ ಹೋಗಿ, ಇನ್ನೊಂದು ತಾನಾಗಿ ಫ್ರೇಮಿಗೆ ಬರುತ್ತದೆ. ಆಫ್ಟರ್‌ಬರ್ನರ್ ಬೆಂಕಿ ಬೇಕು ಅಂದರೆ ವಿಮಾನ ಏಳುವಾಗ, ನೆಟ್ಟಗೆ ಮೇಲೇರುವಾಗ ಬಾಲದ ಕಡೆ ನೋಡಿ. ಎಂಜಿನ್ನಿನ ಹಿಂಭಾಗದಲ್ಲಿ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ವ್ಯವಸ್ಥೆ ಅದು. ಪ್ರಖರ ಬಿಸಿಲಲ್ಲಿ ಮಂಕು, ಸಂಜೆ ಹತ್ತಿರ ಚೆನ್ನಾಗಿ ಕಾಣುತ್ತದೆ.

ಎಲ್ಲ ಹೊತ್ತೂ ಗುಂಡಿ ಒತ್ತಿ ಹಿಡಿಯಬೇಡಿ. ಕ್ಯಾಮೆರಾದ ಒಳಗಿನ ಬಫರ್, ಅಂದರೆ ಕಾರ್ಡಿಗೆ ಬರೆಯುವ ಮೊದಲು ಫೋಟೊಗಳು ಕಾಯುವ ಜಾಗ, ತುಂಬಿ ಸರಿಯಾದ ಕ್ಷಣಕ್ಕೇ ಕ್ಯಾಮೆರಾ ನಿಂತುಬಿಡುತ್ತದೆ. ವಿಮಾನ ಹತ್ತಿರ ಬಂದಾಗ ಮೂರು, ನಾಲ್ಕು ಒತ್ತು ಸಾಕು.

ಇನ್ನೊಂದು ಮಾತು, ಹೇಳಲು ಕಷ್ಟ ಆದರೂ ಹೇಳಲೇಬೇಕು. 2019ರ ಫೆಬ್ರವರಿ 19ರಂದು, ಪ್ರದರ್ಶನದ ಹಿಂದಿನ ದಿನದ ಅಭ್ಯಾಸದಲ್ಲಿ, ಸೂರ್ಯಕಿರಣ್ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ಅಂಥ ಹೊತ್ತಿನಲ್ಲಿ ನಿಮ್ಮ ಕ್ಯಾಮೆರಾದಲ್ಲಿ ಫೋಟೊ ಸರಣಿ ಇರಬಹುದು. ಒಂದನ್ನೂ ಅಳಿಸಬೇಡಿ, ತನಿಖೆ ಮಾಡುವವರಿಗೆ ಅದು ಬೇಕಾಗಬಹುದು. ಹಾಗೇ ಒಂದನ್ನೂ ಜಾಲತಾಣಕ್ಕೆ ಹಾಕಬೇಡಿ. ಪೈಲಟ್ ಮನೆಯವರಿಗೆ ಸುದ್ದಿ ನಿಮ್ಮ ಫೋಟೊದಿಂದ ತಿಳಿಯಬಾರದು, ಅಲ್ವಾ?

7. ಆರಿಸುವುದು, ತಿದ್ದುವುದು

ಮನೆಗೆ ಬಂದ ರಾತ್ರಿಯೇ ಎರಡು ಕಡೆ ನಕಲು ಇಡಿ. ಆಮೇಲೆ ಆರಿಸಿ. ಎರಡು ಸಾವಿರದಲ್ಲಿ ಇಪ್ಪತ್ತು ಉಳಿದರೆ ಒಳ್ಳೆಯ ದಿನ. ಪ್ರತಿ ಫೋಟೊವನ್ನು ಪೂರ್ತಿ ಹಿಗ್ಗಿಸಿ ಕಾಕ್‌ಪಿಟ್ ಹತ್ತಿರ ನೋಡಿ. ಪೈಲಟ್ ಹೆಲ್ಮೆಟ್ ಸ್ಪಷ್ಟ ಇಲ್ಲ, ಬಾಲದ ಸಂಖ್ಯೆ ಓದಲು ಆಗುತ್ತಿಲ್ಲ ಅಂದರೆ ಅದನ್ನು ಬಿಡಿ. ಶಾರ್ಪ್ ಮಾಡುವ ಉಪಕರಣ ಎಷ್ಟು ಉಜ್ಜಿದರೂ ಅದು ಸರಿ ಹೋಗುವುದಿಲ್ಲ, ರೆಕ್ಕೆಯ ಅಂಚಿನಲ್ಲಿ ಬಿಳಿ ಗೆರೆ ಏಳುತ್ತದೆ.

ಕತ್ತರಿಸಲು ಎಷ್ಟು ಅವಕಾಶ ಇದೆ? 24 ಮೆಗಾಪಿಕ್ಸೆಲ್ ಫೋಟೊ 6000 ಪಿಕ್ಸೆಲ್ ಅಗಲ. ಅರ್ಧ ಅಗಲಕ್ಕೆ ಕತ್ತರಿಸಿದರೆ 3000. ಪತ್ರಿಕೆಯಲ್ಲಿ ಹತ್ತು ಇಂಚು ಅಗಲಕ್ಕೆ ಅಚ್ಚಾಗಲು ಅದು ಧಾರಾಳ. ನಿಯತಕಾಲಿಕದ ಎರಡು ಪುಟ ತುಂಬಲು ಸುಮಾರು 5000 ಬೇಕು. ಹಾಗಾಗಿ ಕತ್ತರಿಸುವ ಮೊದಲು ಮೂಲ ಫೈಲನ್ನು ಬೇರೆ ಇಡಿ.

ನೆಲ ಅಥವಾ ಕಟ್ಟಡ ಕಾಣುತ್ತಿದ್ದರೆ ಅದನ್ನು ನೆಟ್ಟಗೆ ಮಾಡಿ. ದೂಳಿನ ಚುಕ್ಕೆ ತೆಗೆಯಿರಿ. ಬೆಳಕು, ಬಣ್ಣ ಹದ ಮಾಡಿ. ಅಲ್ಲಿಗೆ ನಿಲ್ಲಿಸಿ. ಎರಡು ಫೋಟೊ ಸೇರಿಸಿ ಒಂದು ಮಾಡುವುದು, ಆಕಾಶ ಬದಲಿಸುವುದು, ಇಲ್ಲದ ಬೆಂಕಿ ಸೇರಿಸುವುದು, ಎಐ ಉಪಕರಣದಲ್ಲಿ ವಿವರ ತುಂಬಿಸುವುದು ಸುದ್ದಿ ಫೋಟೊದಲ್ಲಿ ನಡೆಯುವುದಿಲ್ಲ. ಎಐ ಒಮ್ಮೊಮ್ಮೆ ಬಾಲದ ಸಂಖ್ಯೆಯನ್ನೇ ಬೇರೆ ಮಾಡಿಬಿಡುತ್ತದೆ. ಸಂಪಾದಕರಿಗೆ ಒಮ್ಮೆ ಗೊತ್ತಾದರೆ ನಿಮ್ಮ ಮುಂದಿನ ಫೋಟೊಗಳನ್ನೂ ನಂಬುವುದಿಲ್ಲ.

8. ಅಡಿಬರಹ: ಪ್ರಕಟಣೆಯ ಅರ್ಧ ಕೆಲಸ ಇದೇ

ಫೋಟೊ ಕೆಳಗಿನ ಸಾಲುಗಳನ್ನು ಬರೆಯಲು ಬೇಜಾರು ಮಾಡಿಕೊಳ್ಳುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಪತ್ರಿಕೆಯ ಮೇಜಿನ ಮೇಲೆ ಒಂದೇ ತರದ ಹತ್ತು ಫೋಟೊ ಇದ್ದಾಗ, ವಿವರ ಪೂರ್ತಿ ಇರುವ ಫೋಟೊ ಮುಂದೆ ಹೋಗುತ್ತದೆ.

ಮೊದಲು ವಿಮಾನ ಗುರುತಿಸಿ. ಜಾಸ್ತಿ ಗೊಂದಲ ಆಗುವುದು ತ್ರಿಕೋನ ರೆಕ್ಕೆಯವುಗಳಲ್ಲಿ. ಮೂಗಿನ ಹಿಂದೆ, ದೊಡ್ಡ ರೆಕ್ಕೆಗೂ ಮುಂದೆ ಪುಟ್ಟ ರೆಕ್ಕೆ ಇದೆಯಾ ನೋಡಿ. ಅದಕ್ಕೆ ಕೆನಾರ್ಡ್ ಅನ್ನುತ್ತಾರೆ. ಕೆನಾರ್ಡ್ ಇದೆ, ಬಾಲ ಒಂದೇ, ಎಂಜಿನ್ ಎರಡು: ರಫೇಲ್. ಕೆನಾರ್ಡ್ ಇದೆ, ಬಾಲ ಎರಡು, ತುಂಬ ದೊಡ್ಡದು, ಇಬ್ಬರು ಕೂತಿದ್ದಾರೆ: ಸುಖೋಯ್-30 ಎಂಕೆಐ. ಕೆನಾರ್ಡ್ ಇಲ್ಲ, ಒಂದೇ ಎಂಜಿನ್: ತೇಜಸ್ ಅಥವಾ ಮಿರಾಜ್-2000. ತೇಜಸ್ ಚಿಕ್ಕದು, ರೆಕ್ಕೆಯ ಮುಂದಿನ ಅಂಚು ನಡುವೆ ಮುರಿದಂತೆ ಕೋನ ಬದಲಿಸುತ್ತದೆ. ಮಿರಾಜಿನ ಅಂಚು ಗೆರೆ ಎಳೆದಂತೆ ನೇರ. ಹಾಕ್ ಮತ್ತು ಜಾಗ್ವಾರ್ ಗೊಂದಲವೂ ಇದೆ. ಜಾಗ್ವಾರಿನ ರೆಕ್ಕೆ ಮೈಯ ಮೇಲ್ಭಾಗದಲ್ಲಿ, ಹಾಕ್‌ನದು ಕೆಳಭಾಗದಲ್ಲಿ.

ಆಮೇಲೆ ಸಂಖ್ಯೆ. ವಾಯುಪಡೆಯ ಹೆಚ್ಚಿನ ವಿಮಾನಗಳ ಮೇಲೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಸೇರಿದ ಗುರುತು ಇರುತ್ತದೆ. ಅಕ್ಷರ ತುಂಬ ಹೇಳುತ್ತದೆ. ಒಬ್ಬರೇ ಕೂರುವ ರಫೇಲಿಗೆ 'ಬಿಎಸ್', ಇಬ್ಬರು ಕೂರುವುದಕ್ಕೆ 'ಆರ್‌ಬಿ'. ವಾಯುಪಡೆಯ ಮುಖ್ಯಸ್ಥರಾಗಿದ್ದ ಬೀರೇಂದರ್ ಸಿಂಗ್ ಧನೋವಾ ಮತ್ತು ರಾಕೇಶ್ ಭದೌರಿಯಾ ಅವರ ಹೆಸರಿನಿಂದ ಬಂದ ಅಕ್ಷರಗಳು ಇವು. ಸುಖೋಯ್‌ಗೆ 'ಎಸ್‌ಬಿ', ಒಬ್ಬರ ಜಾಗ್ವಾರಿಗೆ 'ಜೆಎಸ್', ಇಬ್ಬರದಕ್ಕೆ 'ಜೆಟಿ'. ಅನುಮಾನ ಬಂದರೆ ಸಂಖ್ಯೆ ಬರೆಯಬೇಡಿ. ತಪ್ಪು ಬರೆಯುವುದಕ್ಕಿಂತ ಬಿಡುವುದು ವಾಸಿ.

ಈಗ ಬರೆಯಿರಿ. ಒಂದು ಮಾದರಿ: "ಯಲಹಂಕ ವಾಯುನೆಲೆ, 2025ರ ಫೆಬ್ರವರಿ 13: ಏರೋ ಇಂಡಿಯಾ ಪ್ರದರ್ಶನದಲ್ಲಿ ಭಾರತೀಯ ವಾಯುಪಡೆಯ ಸೂರ್ಯಕಿರಣ್ ತಂಡದ ಎರಡು ಹಾಕ್ ಎಂಕೆ-132 ವಿಮಾನಗಳು ಎದುರುಬದುರಾಗಿ ಹಾದುಹೋದವು. ತಂಡದ ನೆಲೆ ಬೀದರ್." ಎಲ್ಲಿ, ಯಾವತ್ತು, ಯಾರದು, ಏನು, ಎಲ್ಲ ಬಂತು. 'ರುದ್ರರಮಣೀಯ', 'ಬಾನಂಗಳದ ಚಿತ್ತಾರ' ಇವೆಲ್ಲ ಪತ್ರಿಕೆಯವರಿಗೆ ಬೇಕಿದ್ದರೆ ಅವರೇ ಸೇರಿಸಿಕೊಳ್ಳುತ್ತಾರೆ.

ಈ ಸಾಲುಗಳನ್ನು, ನಿಮ್ಮ ಹೆಸರನ್ನು ಫೋಟೊ ಫೈಲಿನ ಒಳಗೂ ಬರೆದಿಡಿ. ಅದಕ್ಕೆ ಮೆಟಾಡೇಟಾ ಅನ್ನುತ್ತಾರೆ, ಲೈಟ್‌ರೂಮ್‌ನಂಥ ತಂತ್ರಾಂಶದಲ್ಲಿ ಜಾಗ ಇದೆ. ಮಿಂಚಂಚೆ ಕೈ ಬದಲಿಸುತ್ತಾ ಹೋದಾಗ ಅದರಲ್ಲಿ ಬರೆದದ್ದು ಕಳೆದುಹೋಗುತ್ತದೆ, ಫೈಲಿನ ಒಳಗಿನದು ಜೊತೆಗೇ ಹೋಗುತ್ತದೆ.

9. ಯಾರಿಗೆ ಕಳಿಸುವುದು

ಕನ್ನಡ ದಿನಪತ್ರಿಕೆಗಳಿಗೆ ಅದೇ ದಿನ ಸಂಜೆಯೊಳಗೆ ಕಳಿಸಬೇಕು. ಮರುದಿನ ಅದು ಹಳೆಯದು. ಆದರೆ ಅವರದೇ ಛಾಯಾಗ್ರಾಹಕರು ಅಲ್ಲಿರುತ್ತಾರೆ, ಸುದ್ದಿಗೆ ನಿಮ್ಮ ಫೋಟೊ ಬೀಳುವ ಸಾಧ್ಯತೆ ಕಮ್ಮಿ. ಪುರವಣಿ, ವಾರಪತ್ರಿಕೆಗಳ ಕಡೆ ಜಾಸ್ತಿ ಅವಕಾಶ ಇದೆ. ಬರೀ ಫೋಟೊ ಬದಲು ಆರು ಫೋಟೊ ಮತ್ತು ನಾನೂರು ಪದದ ಬರಹ ಕಳಿಸಿ. ಬೀದರಿನವರು ಸೂರ್ಯಕಿರಣ್ ಬಗ್ಗೆ, ಬೆಂಗಳೂರಿನವರು ಎಚ್‌ಎಎಲ್ ಸಂಗ್ರಹಾಲಯದ ಮಾರುತ್ ಬಗ್ಗೆ ಬರೆಯಬಹುದು. ಊರಿನ ನಂಟು ಇದ್ದ ಬರಹ ಸುಲಭವಾಗಿ ಜಾಗ ಮಾಡಿಕೊಳ್ಳುತ್ತದೆ.

ವಿಮಾನಕ್ಕೇ ಮೀಸಲಾದ ಇಂಗ್ಲಿಷ್ ನಿಯತಕಾಲಿಕಗಳೂ ಇವೆ. ನಮ್ಮಲ್ಲಿ ವಾಯು ಏರೋಸ್ಪೇಸ್, ಎಸ್‌ಪೀಸ್ ಏವಿಯೇಷನ್, ಬ್ರಿಟನ್ನಿನ ಏರ್‌ಫೋರ್ಸಸ್ ಮಂತ್ಲಿ. ಇವರಿಗೆ ಸೂರ್ಯಕಿರಣದ ಹೃದಯಾಕಾರದ ಹೊಗೆ ಬೇಡ. ಹೊಸ ಬಣ್ಣ ಹಚ್ಚಿದ ವಿಮಾನ, ಮೊದಲ ಸಲ ಕಂಡ ಕ್ಷಿಪಣಿ, ಅಪರೂಪದ ವಿದೇಶಿ ವಿಮಾನದ ಸಂಖ್ಯೆ ಬೇಕು.

ಮೊದಲ ಮಿಂಚಂಚೆಯಲ್ಲಿ ಐದು ಫೋಟೊ ಸಾಕು, ಉದ್ದ 1500 ಪಿಕ್ಸೆಲ್‌ಗೆ ಇಳಿಸಿದ್ದು. ದೊಡ್ಡ ಫೈಲ್ ಇದೆ, ಬೇಕಿದ್ದರೆ ಕಳಿಸುತ್ತೇನೆ ಅಂತ ಬರೆಯಿರಿ. ನಲವತ್ತು ಎಂಬಿ ಲಗತ್ತು ಕಳಿಸಿದರೆ ತೆರೆದು ನೋಡುವುದೇ ಇಲ್ಲ. ಒಂದು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬೇರೆ ಕಡೆ ಹೋಗಿ. ಒಂದೇ ಫೋಟೊವನ್ನು ಒಂದೇ ಹೊತ್ತಿಗೆ ಇಬ್ಬರಿಗೆ ಕಳಿಸಬೇಡಿ.

ಜೆಟ್‌ಫೋಟೋಸ್, ಏರ್‌ಲೈನರ್ಸ್ ಡಾಟ್ ನೆಟ್ ಥರದ ತಾಣಗಳಲ್ಲಿ ಸ್ಕ್ರೀನರ್ ಅನ್ನುವ ಪರೀಕ್ಷಕರು ಪ್ರತಿ ಫೋಟೊ ನೋಡಿ ಒಪ್ಪುತ್ತಾರೆ ಅಥವಾ ಕಾರಣ ಹೇಳಿ ತಿರಸ್ಕರಿಸುತ್ತಾರೆ. ವಾಲಿದ ನೆಲ, ದೂಳಿನ ಚುಕ್ಕೆ, ಜಾಸ್ತಿ ಶಾರ್ಪ್, ತಪ್ಪು ಸಂಖ್ಯೆ. ಶುರುವಿನಲ್ಲಿ ಸಾಲು ಸಾಲಾಗಿ ವಾಪಸ್ ಬರುತ್ತವೆ. ಆ ಕಾರಣಗಳನ್ನು ಬರೆದಿಟ್ಟುಕೊಳ್ಳಿ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ.

ನನಗೆ ತುಂಬ ಇಷ್ಟವಾದ ದಾರಿ ಇನ್ನೊಂದಿದೆ, ವಿಕಿಮೀಡಿಯ ಕಾಮನ್ಸ್. ಅಲ್ಲಿಗೆ ಹಾಕಿದ ಫೋಟೊ ಕನ್ನಡ ವಿಕಿಪೀಡಿಯ ಸೇರಿ ಯಾವ ಭಾಷೆಯ ಲೇಖನಕ್ಕೂ ಬಳಕೆ ಆಗಬಹುದು. ಹಣ ಬರುವುದಿಲ್ಲ. ಹೆಸರು ಹಾಕಿ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು ಅಂತ ನೀವು ಒಪ್ಪಬೇಕು, ಒಪ್ಪಿದ ಮೇಲೆ ವಾಪಸ್ ಪಡೆಯಲು ಆಗುವುದಿಲ್ಲ. ಮಾರುವ ಆಸೆ ಇರುವ ಫೋಟೊ ಅಲ್ಲಿ ಹಾಕಬೇಡಿ.

ಯಾವ ದಾರಿ ಹಿಡಿದರೂ ಒಂದು ನಿಯಮ ಮರೆಯಬೇಡಿ. ಪ್ರದರ್ಶನದ ಹೊರಗೆ ಎಲ್ಲೋ ಆಕಸ್ಮಿಕವಾಗಿ ಸೇನೆಯ ವಿಮಾನ, ವಾಹನ ಸಾಲು ನಿಮ್ಮ ಕ್ಯಾಮೆರಾಗೆ ಸಿಕ್ಕಿದ್ದರೆ ಅದನ್ನು ಜಾಗ, ಸಮಯ ಸಮೇತ ಹಾಕಬೇಡಿ. 2025ರ ಏಪ್ರಿಲ್, ಮೇ ತಿಂಗಳಲ್ಲಿ ಗಡಿಯಲ್ಲಿ ಬಿಕ್ಕಟ್ಟು ಎದ್ದಾಗ, ಸೇನೆಯ ಚಲನವಲನವನ್ನು ನೇರವಾಗಿ ತೋರಿಸಬೇಡಿ ಅಂತ ಕೇಂದ್ರ ಸರ್ಕಾರ ಮಾಧ್ಯಮಗಳಿಗೂ ಜಾಲತಾಣ ಬಳಸುವವರಿಗೂ ಹೇಳಿತ್ತು. ಮೊಬೈಲ್ ಫೋಟೊದ ಒಳಗೆ ಜಿಪಿಎಸ್ ಜಾಗವೂ ಸೇರಿರುತ್ತದೆ, ಅದನ್ನು ಆಫ್ ಮಾಡಿಡಿ.

10. ಹಕ್ಕು ಮತ್ತು ಹಣ

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೀವು ಸ್ವಂತಕ್ಕೆ ತೆಗೆದ ಫೋಟೊದ ಮೊದಲ ಒಡೆಯರು ನೀವೇ. ನೋಂದಣಿ ಬೇಕಿಲ್ಲ. ಯಾರಾದರೂ ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದು ಅವರದು.

ಪತ್ರಿಕೆ ಫೋಟೊ ಕೇಳಿದಾಗ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ: ಅವರು ಕೇಳುತ್ತಿರುವುದು ಒಮ್ಮೆ ಬಳಸುವ ಅನುಮತಿಯೋ, ಪೂರ್ತಿ ಹಕ್ಕೋ? ಒಮ್ಮೆ ಬಳಸುವುದಕ್ಕೆ ಒಪ್ಪಿ, ಪೂರ್ತಿ ಹಕ್ಕು ಬರೆದುಕೊಡುವ ಮೊದಲು ಹತ್ತು ಸಲ ಯೋಚಿಸಿ. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು. ಅದರಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ದೇಶ ಹೇಳದಿದ್ದರೆ ಭಾರತ ಮಾತ್ರ ಅಂತ ಕಾಯ್ದೆ ಹೇಳುತ್ತದೆ. ಹಣ ಕೇಳಲು ಸಂಕೋಚ ಬೇಡ. "ಇದಕ್ಕೆ ಸಂಭಾವನೆ ಎಷ್ಟು ಸರ್?" ಅಂತ ಮೊದಲೇ ಕೇಳಿ. ಹಣ ಇಲ್ಲ ಅಂದರೆ ಹೆಸರನ್ನಾದರೂ ಫೋಟೊ ಪಕ್ಕದಲ್ಲೇ ಹಾಕಲು ಹೇಳಿ.

ಯಾರಾದರೂ ಕೇಳದೆ ಬಳಸಿದರೆ ಜಾಲತಾಣದಲ್ಲಿ ಕೂಗಾಡುವ ಮೊದಲು ಆ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ, ದಿನಾಂಕ ಕಾಣುವ ಹಾಗೆ. ಆಮೇಲೆ ಸಂಪಾದಕರಿಗೆ ಮರ್ಯಾದೆಯಿಂದ ಬರೆಯಿರಿ: ಫೋಟೊ ನನ್ನದು, ಮೂಲ ರಾ ಫೈಲ್ ನನ್ನ ಹತ್ತಿರ ಇದೆ, ಹೆಸರು ಮತ್ತು ಸಂಭಾವನೆ ಕೊಡಿ. ಆ ರಾ ಫೈಲೇ ನಿಮ್ಮ ಸಾಕ್ಷಿ. ಆದ್ದರಿಂದ ಪ್ರಕಟವಾದ ಪ್ರತಿ ಫೋಟೊದ ಮೂಲ ಫೈಲನ್ನು ಬೇರೆ ಡಿಸ್ಕಿನಲ್ಲಿಡಿ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಯಾವ ಫೋಟೊ, ಯಾರಿಗೆ, ಯಾವತ್ತು, ಯಾವ ಷರತ್ತಿಗೆ ಕಳಿಸಿದಿರಿ ಅಂತ ಬರೆದಿಡಿ.